ಗವರ್ನರ್ ಇಲ್ಲದ ಎಂಜಿನ್

ಆ ರಮಝಾನಿನಲ್ಲಿ ತಮ್ಮ, "ಹಗಲು ಊಟವೇ ಇಲ್ಲ, ಇನ್ಸುಲಿನ್ ಯಾಕೆ?" ಎಂದು ಎರಡು ದಿನ ಚುಚ್ಚಿಕೊಳ್ಳಲಿಲ್ಲ. ಅವನಿಗೆ ಚಿಕ್ಕಂದಿನಿಂದ ಟೈಪ್ 1 ಸಕ್ಕರೆ ಕಾಯಿಲೆ. ಅಸರ್ ಹೊತ್ತಿಗೆ ವಾಂತಿ, ಏದುಸಿರು, ಬಾಯಲ್ಲಿ ಕಳಿತ ಹಣ್ಣಿನ ವಾಸನೆ. ಗ್ಯಾಸ್ ಇರಬೇಕೆಂದು ಉಪ್ಪ ಅಂಗಡಿಯಿಂದ ಸೋಡಾ ತಂದರು. ಆಸ್ಪತ್ರೆಯಲ್ಲಿ ತಿಳಿಯಿತು, ಕೀಟೋನ್ ಏರಿ ರಕ್ತದಲ್ಲಿ ಆಮ್ಲ ಹೆಚ್ಚಿತ್ತು.

ಕೀಟೋನ್ ವಿಷವಲ್ಲ. ಹಸಿದಾಗ ಲಿವರ್ ಕೊಬ್ಬಿನಿಂದ ಅದನ್ನು ಮಾಡುತ್ತದೆ. ಮೆದುಳು, ಹೃದಯ ಉರಿಸಿಕೊಳ್ಳುತ್ತವೆ. ಕರೆಂಟು ಹೋದಾಗ ಅಂಗಡಿಯ ಜನರೇಟರ್ ಇದ್ದಂತೆ. ಅದರ ವೇಗಕ್ಕೆ ಗವರ್ನರ್ ಇನ್ಸುಲಿನ್. ತಮ್ಮ ಗವರ್ನರನ್ನೇ ಕಳಚಿದ್ದ.

ಮೂರು ದಿನ ಐಸಿಯು, ಅಲ್‌ಹಮ್ದುಲಿಲ್ಲಾಹ್, ಬದುಕಿದ. ಕಾಯಿಲೆಯವರಿಗೆ ಉಪವಾಸದ ವಿನಾಯಿತಿ ಕುರ್‌ಆನಿನಲ್ಲೇ ಇದೆ. ಉಪ್ಪ ಈಗ ಗಿರಾಕಿಗಳಿಗೆಲ್ಲ ಹೇಳುತ್ತಾರೆ: "ಡಾಕ್ಟರನ್ನು ಕೇಳದೆ ಇನ್ಸುಲಿನ್ ನಿಲ್ಲಿಸಬೇಡಿ."