ಅಡಿಗೆಮನೆಯ ದ್ವಾರಬಂಧ

ಶೀತದೇಶದವರು ಬೆಂಕಿಗೂಡಿನ ಸುತ್ತ ಮರದ ಚೌಕಟ್ಟನ್ನಿರಿಸಿ ಬಣ್ಣ ಬಳಿಯುವರು. ನಮ್ಮ ನೀರಮಾನ್ವಿಯ ಬಿಸಿಲಿಗೆ ಅದೇಕೆ? ಒಲೆಯ ಹೊಗೆಯುಂಡ ಅಡಿಗೆಮನೆಯ ದ್ವಾರಬಂಧವೇ ನಮಗೆ ಸಾಕು. ಯುಗಾದಿಗೆ ಅದಕ್ಕೆ ಬಣ್ಣವಾಗಬೇಕೆಂದು ಮನೆಯವರ ಅಪ್ಪಣೆಯಾಯಿತು.

ಕೆಲಸದವನು ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಹೊರಟಾಗ ನಾನು ತಡೆದೆನು; ಅಂಬೆಗಾಲಿಕ್ಕುವ ಮೊಮ್ಮಗಳು ಅಲ್ಲಿಯೇ ಇದ್ದಳು. ಹಿಂದಿನ ಬಣ್ಣಗಳಲ್ಲಿ ಸೀಸವು ಬೆರೆತಿರುವುದುಂಟು. ಅದರ ಧೂಳು ಎಳೆಯರ ಬುದ್ಧಿಯನ್ನೇ ಕುಂದಿಸುವುದು. ಸಂಸ್ಕೃತದಲ್ಲಿ ಸೀಸಕ್ಕೆ 'ನಾಗ'ವೆಂಬ ಹೆಸರೂ ಉಂಟು. ಹೆಸರಿಟ್ಟವರು ಬಲ್ಲವರೇ ಸರಿ! ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಯಾದುದು 2017ರ ನವೆಂಬರಿನಲ್ಲಿ. ನಮ್ಮ ದ್ವಾರಬಂಧದ ಬಣ್ಣವೋ ಅದಕ್ಕಿಂತ ಬಹಳ ಹಳೆಯದು.

ಮಗುವನ್ನು ನೆರೆಮನೆಗೆ ಕಳುಹಿಸಿ, ಜಿಡ್ಡುಮಸಿಯನ್ನು ಒಗೆಯುವ ಸೋಡದ ನೀರಿನಿಂದ ತೊಳೆಸಿ, ಮರವನ್ನು ಒದ್ದೆಯಾಗಿಯೇ ಉಜ್ಜಿಸಿದೆನು. ನೆಲವನ್ನು ಎರಡು ಸಲ ಒದ್ದೆಬಟ್ಟೆಯಿಂದ ಒರೆಸಿದುದಾಯಿತು. ಈಗ ಮರವು ಒಣಗುತ್ತಲಿದೆ. ಹಸುರೋ ಕಾವಿಯೋ ಎಂಬ ವ್ಯಾಜ್ಯವು ಮನೆಯಲ್ಲಿನ್ನೂ ತೀರಿಲ್ಲ.