ಮೂರು ಕ್ವಿಂಟಲ್ ಅಡಿಕೆಯ ಕಾರು

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರು. ಬಸ್ಸು ಹತ್ತಿ ಅಭ್ಯಾಸವಿದ್ದವರಿಗೆ ಅದೊಂದು ದೂರವೇ ಅಲ್ಲ. ಮಂಡಗದ್ದೆ ಬಂದರೆ ಅರ್ಧ ದಾರಿ ಆಯಿತು, ಗಾಜನೂರು ದಾಟಿದರೆ ಪೇಟೆ ಬಂದ ಹಾಗೇ ಎಂದುಕೊಂಡು ಒಂದು ನಿದ್ದೆ ತೆಗೆಯುವವರೂ ಇದ್ದಾರೆ. ಆದರೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಮೈಯೊಡ್ಡಿ, ರಕ್ತದೊತ್ತಡ ಇಳಿದು, ಮೀನಖಂಡ ಸೆಟೆದುಕೊಂಡು ಹೊರಬಂದವರಿಗೆ ಅದೇ ಅರವತ್ತು ಕಿಲೋಮೀಟರು ಮುಗಿಯುವುದೇ ಇಲ್ಲ. ಅದೂ ವಾರಕ್ಕೆ ಮೂರು ಸಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಪುಣ್ಯ. ಇಳಿದ ಮೇಲೂ ಟಾರು ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರು ಮಣ್ಣುದಾರಿ.

2018ರ ಕೊನೆಯಲ್ಲಿ ಅಪ್ಪನಿಗೆ ಈ ಓಡಾಟ ಶುರುವಾದಾಗ ಮಗಳು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಮನೆಗೆ ಒಬ್ಬಳೇ ಮಗಳು. ಮೊದಲೆರಡು ತಿಂಗಳು ಊರಿನವರೊಬ್ಬರ ಓಮ್ನಿ ಗೊತ್ತುಮಾಡಿದರು. ಹೋಗಿಬರಲು ಸಾವಿರದ ನಾನೂರು. ತಿಂಗಳಿಗೆ ಹದಿಮೂರು ಸಲವೆಂದರೆ ಹದಿನೆಂಟು ಸಾವಿರ ದಾಟಿತು. ಎರಡು ಎಕರೆ ತೋಟದ ಮನೆಗೆ ಇದು ಎಷ್ಟು ದಿನ ತಡೆದೀತು? ಒಂದು ಸಂಜೆ ಹುಡುಗಿ ಕಾಲೇಜಿನ ರಫ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ಲೀಟರಿಗೆ ಹದಿನಾರು ಕಿಲೋಮೀಟರು ಕೊಡುವ ಸಣ್ಣ ಕಾರೊಂದು ಸ್ವಂತಕ್ಕಿದ್ದರೆ ಒಂದು ಸಲದ ಪೆಟ್ರೋಲಿಗೆ ಐನೂರೈವತ್ತು. ಉಳಿಯುವುದು ಎಂಟುನೂರೈವತ್ತು. ರಿಪೇರಿ ಕಳೆದರೂ ವರ್ಷದೊಳಗೆ ಕಾರಿನ ದುಡ್ಡು ಹುಟ್ಟುತ್ತದೆ. ಹದಿನೆಂಟು ತುಂಬಿದ ರಜೆಯಲ್ಲೇ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿದ್ದಳು. ಅಪ್ಪನನ್ನು ಆಸ್ಪತ್ರೆಗೆ ಬಿಟ್ಟು ತಾನು ಕಾಲೇಜಿಗೆ ಹೋಗುವುದು, ಸಂಜೆ ಕರೆದುಕೊಂಡು ಬರುವುದು. ಹಾಸ್ಟೆಲಿನ ಖರ್ಚೂ ಉಳಿಯುತ್ತದೆ.

ಮೂರು ಕ್ವಿಂಟಲ್ ಅಡಿಕೆ ಮಂಡಿಗೆ ಹೋಯಿತು. ಕೈಗೆ ಬಂದದ್ದು ಒಂದು ಲಕ್ಷದ ಎಂಟು ಸಾವಿರ.

ಕಾರು ತೆಗೆಯುತ್ತೇವೆಂದರೆ ಸಾಕು, ಸಲಹೆಗೆ ಬರವಿಲ್ಲ. ಕ್ಲಾಸಿನ ಹುಡುಗರು ಒಂದು ಹಳೆಯ ಸೆಡಾನ್ ಕಾರಿನ ಫೋಟೋ ತಂದು ತೋರಿಸಿದರು. 2003ರ ಮಾಡೆಲ್, ಏಸಿ ಇದೆ, ಪವರ್ ಸ್ಟೀರಿಂಗ್ ಇದೆ, ಹಿಂದೆ ಅಪ್ಪ ಕಾಲು ಚಾಚಿ ಮಲಗಬಹುದು, ಬರೀ ತೊಂಬತ್ತೈದು ಸಾವಿರ! ಹುಡುಗಿಗೂ ಆಸೆಯಾಯಿತು. ಆಗದೆ ಇರುತ್ತದೆಯೇ, ಇಪ್ಪತ್ತು ವರ್ಷ. ಫೋಟೋ ಹಿಡಿದುಕೊಂಡು ತೀರ್ಥಹಳ್ಳಿಯ ಗ್ಯಾರೇಜಿನ ಸಾಬರ ಹತ್ತಿರ ಹೋದಳು. ಆಕೆಯ ಅಪ್ಪನ ಪವರ್ ಟಿಲ್ಲರಿಗೂ ಅವರೇ ವೈದ್ಯರು.

ಸಾಬರು ಫೋಟೋ ನೋಡಿ ನಕ್ಕರು. ‘ಸಕ್ರೆಬೈಲಿನಿಂದ ಒಂದು ಆನೆ ಪುಕ್ಕಟೆ ಕೊಡ್ತೀನಿ ಅಂದ್ರೆ ತಗೊಂಡು ಬರ್ತೀಯಾ ತಂಗೀ? ಕೊಳ್ಳೋದು ಕಷ್ಟ ಅಲ್ಲ, ಸಾಕೋದು ಕಷ್ಟ. ಇದರ ಒಂದು ಸಾಮಾನು ಬೇಕಂದ್ರೆ ಬೆಂಗಳೂರಿಗೆ ಫೋನ್ ಮಾಡ್ಬೇಕು. ನಾಲ್ಕು ದಿನ ಗಾಡಿ ಇಲ್ಲೇ ನಿಂತಿರುತ್ತೆ. ನಾಲ್ಕು ದಿನ ನಿನ್ನಪ್ಪ ಕಾಯೋಕಾಗುತ್ತಾ?’

ಕಾಯಲು ಆಗುವುದಿಲ್ಲ. ಅಲ್ಲಿಗೆ ಸೆಡಾನಿನ ಮಾತು ಮುಗಿಯಿತು. ಸಾಬರು ಇನ್ನೂ ಒಂದು ಮಾತು ಹೇಳಿದರು: ಇದ್ದ ಹಣವನ್ನೆಲ್ಲ ಕಾರಿಗೇ ಸುರಿಯಬಾರದು. ಹಳೇ ಗಾಡಿ ಮನೆಗೆ ಬಂದ ತಿಂಗಳಲ್ಲೇ ಟೈರು, ಬ್ಯಾಟರಿ, ಇನ್ಶೂರೆನ್ಸ್ ಎಂದು ಕೈ ಚಾಚುತ್ತದೆ. ತೊಂಬತ್ತು ಸಾವಿರದ ಮೇಲೆ ಒಂದು ರೂಪಾಯಿ ಬೇಡ.

ಎರಡನೆಯ ಕಾರು ಸೋದರಮಾವ ಹುಡುಕಿದ್ದು. ಶಿವಮೊಗ್ಗದ ದಲ್ಲಾಳಿಯೊಬ್ಬನ ಅಂಗಳದಲ್ಲಿ ನಿಂತಿತ್ತು. ಹೊಸದಾಗಿ ಬಣ್ಣ ಹೊಡೆದ ಸಣ್ಣ ಕಾರು, ಮೀಟರಿನಲ್ಲಿ ನಲವತ್ತೆರಡು ಸಾವಿರ ಕಿಲೋಮೀಟರು, ಒಳಗೆಲ್ಲ ಅತ್ತರಿನ ಘಮಘಮ. ದಲ್ಲಾಳಿ ಮಾತನಾಡಿದ್ದೆಲ್ಲ ಮಾವನ ಜೊತೆ. ಓಡಿಸುವವಳು ಪಕ್ಕದಲ್ಲೇ ನಿಂತಿದ್ದಾಳೆ ಎಂಬುದು ಅವನ ಗಮನಕ್ಕೇ ಬಂದಂತಿರಲಿಲ್ಲ. ಅದೂ ಒಳ್ಳೆಯದೇ ಆಯಿತು. ಮಾವ ಕಾಫಿ ಕುಡಿಯುವಷ್ಟರಲ್ಲಿ ಹುಡುಗಿ ಸಾಬರು ಹೇಳಿಕೊಟ್ಟದ್ದನ್ನೆಲ್ಲ ಒಂದೊಂದಾಗಿ ನೋಡಿದಳು. ಬಾನೆಟ್ ಮೇಲೆ ಕೈ ಇಟ್ಟರೆ ಬಿಸಿ. ತಣ್ಣಗಿದ್ದಾಗ ಸ್ಟಾರ್ಟ್ ಆಗದ ಗಾಡಿಯನ್ನು ಗಿರಾಕಿ ಬರುವ ಮೊದಲೇ ಓಡಿಸಿ ಇಟ್ಟಿರುತ್ತಾರಂತೆ. ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಸಪಾಟಾಗಿತ್ತು. ನಲವತ್ತೆರಡು ಸಾವಿರಕ್ಕೆ ಅಷ್ಟು ಸವೆಯುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದಳು. ಎಳೆದಷ್ಟೂ ಬಂತು. ಕೊನೆಯ ಒಂದು ಮೊಳದಲ್ಲಿ ಒಣಗಿದ ಕೆಸರಿನ ಗೆರೆ. ಕಾರ್ಪೆಟ್ ಬದಲಾಯಿಸಬಹುದು, ಸೀಟು ತೊಳೆಯಬಹುದು. ಬೆಲ್ಟಿನ ಸುರುಳಿಯ ಒಳಗೆ ಹೊಕ್ಕ ನೀರಿನ ಗುರುತನ್ನು ಅಳಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ.

ನಂಬರು ಪ್ಲೇಟು ಕೆಎ 12. ಅಂದರೆ ಮಡಿಕೇರಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ನೀರಿನಲ್ಲಿ ಮುಳುಗಿದ ಕಾರು ಒಣಗಿದ ಮೇಲೆ ಓಡುತ್ತದೆ, ಆದರೆ ವೈರುಗಳ ಜೋಡಣೆಯೊಳಗೆ ಹಸಿರು ಕಿಲುಬು ನಿಧಾನವಾಗಿ ಬೆಳೆಯುತ್ತಿರುತ್ತದೆ. ಯಾವ ದಿನ, ಯಾವ ತಿರುವಿನಲ್ಲಿ ಕೈಕೊಡುತ್ತದೋ ಹೇಳಲಾಗದು. ಆರ್.ಸಿ. ಪುಸ್ತಕ ಕೇಳಿದರೆ ಅದರಲ್ಲಿ ಫೈನಾನ್ಸಿನವರ ಹೆಸರು ಇನ್ನೂ ಹಾಗೇ ಇತ್ತು. ‘ಅದೆಲ್ಲ ಆಮೇಲೆ ಮಾಡಿಸಿಕೊಡೋಣ ಸಾರ್’ ಎಂದ ದಲ್ಲಾಳಿ. ಸಾಲ ತೀರಿಸಿದ ಪತ್ರವಿಲ್ಲ, ಮಡಿಕೇರಿ ಕಚೇರಿಯ ನಿರಾಕ್ಷೇಪಣಾ ಪತ್ರವಿಲ್ಲ. ಮಾವನಿಗೆ ಬೇಸರವಾಯಿತು. ಮುಂಗಡ ಕೊಡಲು ಐದು ಸಾವಿರ ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು ಪಾಪ.

ಇದಾಗಿ ಹತ್ತು ದಿನಕ್ಕೆ ಸಾಬರೇ ಹೇಳಿಕಳಿಸಿದರು. ಒಬ್ಬರು ನಿವೃತ್ತ ಮೇಷ್ಟ್ರ ಮಾರುತಿ 800, 2008ರದು, ಅರವತ್ತೊಂದು ಸಾವಿರ ಕಿಲೋಮೀಟರು. ಮೇಷ್ಟ್ರಿಗೆ ಕಣ್ಣು ಮಂಜಾಗಿತ್ತು. ಬೆಂಗಳೂರಿನ ಮಗ ಓಡಿಸುವುದು ಬೇಡವೆಂದು ಹಟ ಹಿಡಿದಿದ್ದ.

ಆ ಕಾರಿನ ವಿಷಯ ಹೊಸದಾಗಿ ಹೇಳಬೇಕಾದ್ದಿಲ್ಲ. 1983ರ ಡಿಸೆಂಬರಿನಲ್ಲಿ ಬಂದದ್ದು 2014ರ ಜನವರಿಯಲ್ಲಿ ನಿಂತಿತು. ದೇಶದಲ್ಲೇ ಇಪ್ಪತ್ತೈದು ಲಕ್ಷಕ್ಕೂ ಮೀರಿ ಮಾರಾಟವಾದ ಮೇಲೆ ಅದರ ಸಾಮಾನು ಸಿಗದ ಊರಿಲ್ಲ, ಅದನ್ನು ಬಿಚ್ಚಿ ಜೋಡಿಸಲು ಬಾರದ ಮೆಕ್ಯಾನಿಕ್ ಇಲ್ಲ. ಮೂರು ಸಿಲಿಂಡರಿನ ಪುಟ್ಟ ಎಂಜಿನ್ನು, 796 ಸಿಸಿ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಅದರಲ್ಲಿ ಏರ್‌ಬ್ಯಾಗ್ ಇಲ್ಲ. ಎದುರಿನಿಂದ ಲಾರಿ ಬಂದು ಬಡಿದರೆ ತಡೆಯುವ ಗಟ್ಟಿತನವೂ ಇಲ್ಲ. ಸಾಬರು ಅದನ್ನು ಮೊದಲೇ ಹೇಳಿದರು. ‘ಐವತ್ತರ ಮೇಲೆ ಹೋಗ್ಬೇಡ, ಮಂಜಿದ್ರೆ ನಿಲ್ಸು.’ ತೊಂಬತ್ತು ಸಾವಿರದಲ್ಲಿ ಎಲ್ಲವೂ ಬೇಕೆಂದರೆ ಸಿಗುವುದಿಲ್ಲ. ಏನನ್ನು ಬಿಡುತ್ತಿದ್ದೇವೆಂದು ತಿಳಿದು ಬಿಟ್ಟರೆ ಕಾಲು ತಾನಾಗಿಯೇ ಬ್ರೇಕಿನ ಹತ್ತಿರವಿರುತ್ತದೆ.

ಮೇಷ್ಟ್ರು ಮಾವನ ಕಡೆ ನೋಡಲೇ ಇಲ್ಲ. ‘ಓಡಿಸೋಳು ನೀನಾ? ಬಾ ಇಲ್ಲಿ’ ಎಂದು ಹುಡುಗಿಯನ್ನು ಶೆಡ್ಡಿಗೆ ಕರೆದರು. ಬೆಳಗಿನ ಏಳು ಗಂಟೆ, ಎಂಜಿನ್ನು ತಣ್ಣಗಿತ್ತು. ಕೀಲಿ ಅವಳ ಕೈಗೇ ಕೊಟ್ಟರು. ಎರಡನೆಯ ಸಲಕ್ಕೆ ಹಿಡಿದುಕೊಂಡಿತು. ಸಾಬರು ಹಿಂದೆ ಕುಕ್ಕರಗಾಲಲ್ಲಿ ಕೂತು ಹೊಗೆ ನೋಡಿದರು, ನೀಲಿ ಇರಲಿಲ್ಲ. ಚಾಪೆ ಎತ್ತಿದರೆ ಡ್ರೈವರನ ಕಾಲ ಬುಡದಲ್ಲಿ ತಗಡಿಗೆ ತೇಪೆ ಬೆಸುಗೆ. ಮಲೆನಾಡಿನ ಮಳೆಗೆ ತುಕ್ಕು ಹಿಡಿಯದ ಕಾರು ಎಲ್ಲಿದೆ? ‘2015ರಲ್ಲಿ ಹಾಕಿಸಿದ್ದು, ನಾನೇ ಹೇಳೋಣಾಂತಿದ್ದೆ’ ಎಂದರು ಮೇಷ್ಟ್ರು. ಆಮೇಲೆ ಒಳಗಿನಿಂದ ಒಂದು ಉದ್ದನೆಯ ನೋಟ್‌ಬುಕ್ಕು ತಂದರು. ಹನ್ನೊಂದು ವರ್ಷದಿಂದ ಹಾಕಿಸಿದ ಒಂದೊಂದು ಲೀಟರು ಪೆಟ್ರೋಲು, ಆಯಿಲ್ ಬದಲಾಯಿಸಿದ ತಾರೀಖು, ಪಂಕ್ಚರಿನ ಮೂವತ್ತು ರೂಪಾಯಿ, ಎಲ್ಲ ಹಾಜರಿ ಪುಸ್ತಕದ ಅಕ್ಷರದಲ್ಲಿ.

‘ಸ್ಟೆಪ್ನಿ ಹಾಕೋಕೆ ಬರುತ್ತಾ?’

ಬರುವುದಿಲ್ಲ ಎಂದಳು.

‘ಹಾಗಾದ್ರೆ ಮಾರೋದಿಲ್ಲ.’

ಮಾವ ಏನೋ ಹೇಳಹೊರಟರು. ಸಾಬರು ಕಣ್ಣಿನಲ್ಲೇ ತಡೆದರು. ಮೇಷ್ಟ್ರು ಬೆಂಚಿನ ಮೇಲೆ ಕೂತು ಹೇಳುತ್ತ ಹೋದರು: ಹ್ಯಾಂಡ್‌ಬ್ರೇಕ್ ಹಾಕು, ಎದುರಿನ ಚಕ್ರಕ್ಕೆ ಕಲ್ಲು ಕೊಡು, ಜಾಕಿ ಏರಿಸೋ ಮೊದಲು ನಟ್ಟು ಸಡಿಲ ಮಾಡು, ಕೈಯಲ್ಲಿ ಆಗದಿದ್ರೆ ಸ್ಪಾನರಿನ ಮೇಲೆ ಕಾಲಿಟ್ಟು ಒತ್ತು. ಹನ್ನೆರಡು ಇಂಚಿನ ಪುಟ್ಟ ಚಕ್ರ. ಆದರೂ ಮೊದಲ ಸಲ ಅರ್ಧ ಗಂಟೆ ಹಿಡಿಯಿತು, ಎರಡನೆಯ ಸಲ ಹದಿನೈದು ನಿಮಿಷ. ಮೂರನೆಯ ಸಲ ಮಾಡಿಸುವ ಮೊದಲು ಮೇಷ್ಟ್ರ ಹೆಂಡತಿ ದೋಸೆಗೆ ಕರೆದರು.

ಎಂಬತ್ತೈದು ಎಂದದ್ದು ಎಪ್ಪತ್ತೆಂಟಕ್ಕೆ ನಿಂತಿತು. ಫಾರಂ 29, 30ಕ್ಕೆ ಅಲ್ಲೇ ಸಹಿಯಾಯಿತು. ಗಾಡಿ ಶಿವಮೊಗ್ಗ ಕಚೇರಿಯದೇ ಆದ್ದರಿಂದ ಬೇರೆ ಪತ್ರದ ತಾಪತ್ರಯವಿರಲಿಲ್ಲ. ತಡಮಾಡದೆ ಹೆಸರು ಬದಲಾಗಬೇಕು, ಇನ್ಶೂರೆನ್ಸಿನಲ್ಲೂ ಬದಲಾಗಬೇಕು ಎಂದು ಮೇಷ್ಟ್ರು ಎರಡು ಸಲ ಜ್ಞಾಪಿಸಿದರು. ಉಳಿದ ದುಡ್ಡಿನಲ್ಲಿ ಎರಡು ಟೈರು, ಒಂದು ಬ್ಯಾಟರಿ ಬಂತು. ಹಳೆಯ ಟೈರಿನ ಮೇಲಿದ್ದ ನಾಲ್ಕಂಕಿಯನ್ನು ಸಾಬರು ತೋರಿಸಿದರು: 1212. ಅಂದರೆ 2012ರ ಹನ್ನೆರಡನೆಯ ವಾರದ್ದು. ಮೇಲೆ ಹಲ್ಲು ಇದ್ದರೂ ರಬ್ಬರು ಬಿರುಕು ಬಿಟ್ಟಿತ್ತು.

ಅಪ್ಪ ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಗೆ ತಲೆಯಿಟ್ಟು ಮಲಗಿ ಬರತೊಡಗಿದರು. ಕಾಲು ಮಡಚಬೇಕಾಗುತ್ತಿತ್ತು. ಮೊದಲ ವಾರ ಪ್ರತಿ ತಿರುವಿಗೂ ‘ನಿಧಾನ, ನಿಧಾನ’ ಎನ್ನುತ್ತಿದ್ದವರು ಎರಡನೆಯ ವಾರಕ್ಕೆ ಗಾಜನೂರು ಬರುವ ಮೊದಲೇ ನಿದ್ದೆ ಹೋಗುತ್ತಿದ್ದರು.

2019ರ ಮೇ ತಿಂಗಳಲ್ಲಿ, ಕೊನೆಯ ಪರೀಕ್ಷೆಗೆ ನಾಲ್ಕು ದಿನವಿದ್ದಾಗ, ಮಂಡಗದ್ದೆ ದಾಟಿದ ಮೇಲೆ ಹಿಂದಿನ ಚಕ್ರ ಗಾಳಿ ಬಿಟ್ಟಿತು. ಸಂಜೆ ಆರೂವರೆ, ಗುಡುಗು ಮಳೆ. ಅಪ್ಪನನ್ನು ಪಕ್ಕದ ಮನೆಯ ಜಗಲಿಯಲ್ಲಿ ಕೂರಿಸಿ ಬಂದು ಅಮ್ಮ ಕೊಡೆ ಹಿಡಿದು ನಿಂತರು. ಹುಡುಗಿ ಕಲ್ಲು ಹುಡುಕಿ ತಂದು ಎದುರಿನ ಚಕ್ರಕ್ಕೆ ಕೊಟ್ಟಳು, ಸ್ಪಾನರಿನ ಮೇಲೆ ಕಾಲಿಟ್ಟು ಒತ್ತಿದಳು.

ಆ ರಾತ್ರಿ ಮೇಷ್ಟ್ರ ನೋಟ್‌ಬುಕ್ಕಿನಲ್ಲಿ, ಅವರ ಅಕ್ಷರದ ಕೆಳಗೆ ತನ್ನ ಅಕ್ಷರದಲ್ಲಿ ಬರೆದಳು: ‘ಮಂಡಗದ್ದೆ. ಹಿಂದಿನ ಎಡ ಚಕ್ರ ಪಂಕ್ಚರ್. ಸ್ಟೆಪ್ನಿ ಹಾಕಿದ್ದು, ಹದಿನೇಳು ನಿಮಿಷ. ಮಳೆ ಇತ್ತು.’