ಆ ದಿನದ ಮಟ್ಟಿಗೆ

ಯಾವ ಅರ್ಜಿ ತುಂಬುವಾಗಲೂ ‘ಧರ್ಮ’ ಎಂಬ ಕಾಲಂನಲ್ಲಿ ‘ಕ್ರೈಸ್ತ’ ಎಂದು ಬರೆಯಲು ನನಗೆ ಅರೆಗಳಿಗೆ ಸಾಕು. ಹುಬ್ಬಳ್ಳಿಯ ಬಾಸೆಲ್ ಮಿಶನ್ ಮೂಲದ ಮನೆತನ ನಮ್ಮದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನರಿಗಳು ಕೆಲವೇ ವರ್ಷಗಳಲ್ಲಿ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿಗಳಿಗೂ ಬಂದರು. ನಮ್ಮ ಮುತ್ತಜ್ಜನ ಕಾಲಕ್ಕಾಗಲೇ ಮನೆಯಲ್ಲಿ ಸತ್ಯವೇದ ಇತ್ತು. ನಾನು ಮೂರು ತಿಂಗಳ ಕೂಸಾಗಿದ್ದಾಗ ದೀಕ್ಷಾಸ್ನಾನ, ಹದಿನಾರನೇ ವಯಸ್ಸಿಗೆ ದೃಢೀಕರಣ. ಎರಡಕ್ಕೂ ದಿನ ಗೊತ್ತು ಮಾಡಿದವರು ದೊಡ್ಡವರು. ಊರಲ್ಲಿದ್ದಾಗ ನಂಬಿಕೆ ಮನೆಯ ನಲ್ಲಿ ನೀರಿನ ಹಾಗೆ ತಾನೇ ಬರುತ್ತಿತ್ತು. ಭಾನುವಾರದ ಗಂಟೆ, ಕ್ವಾಯರ್ ಅಭ್ಯಾಸ, ಕ್ರಿಸ್‌ಮಸ್ಸಿನ ಕರ್ಚಿಕಾಯಿ, ರಾತ್ರಿ ಊಟಕ್ಕೆ ಮೊದಲು ಅವ್ವನ ಉದ್ದನೆಯ ಪ್ರಾರ್ಥನೆ. ಅದರೊಳಗೆ ನಾನೂ ಇದ್ದೆ, ಅಷ್ಟೆ.

ಮದುವೆಯಾಗಿ ಪುಣೆಗೆ ಬಂದು ಈಗ ಹದಿನಾಲ್ಕು ವರ್ಷ. ಇಲ್ಲಿ ಗಂಟೆ ಕೇಳಿಸುವುದಿಲ್ಲ. ‘ಯಾಕ ಬರಲಿಲ್ಲ?’ ಎಂದು ಸೋಮವಾರ ಕೇಳುವ ಅಯ್ಯನವರಿಲ್ಲ. ನಾವು ಹೋಗುವ ಸಭೆಯಲ್ಲಿ ಆರಾಧನೆ ಮರಾಠಿಯಲ್ಲಿ. ನನಗೆ ಅರ್ಥವಾಗುತ್ತದೆ, ಹಾಡಲೂ ಬರುತ್ತದೆ. ಆದರೆ ಕಷ್ಟದ ಮಾತು ಬಾಯಿಗೆ ಬರುವುದು ಕನ್ನಡದಲ್ಲೇ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಗೊತ್ತಿರುವ ಸಂಗತಿ. ದೇವರು, ಹಬ್ಬ, ಭಾಷೆ, ಅಡುಗೆ, ಊರಲ್ಲಿ ಪುಕ್ಕಟೆ ಸಿಗುತ್ತಿದ್ದುದೆಲ್ಲ ಇಲ್ಲಿ ನಾವೇ ಎದ್ದು ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಪುಣೆಗೆ ಬಂದ ಮೇಲೆಯೇ ನಾನು ಪಂಡಿತಾ ರಮಾಬಾಯಿಯನ್ನು ಓದಿದ್ದು. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, ಸಂಸ್ಕೃತ ವಿದ್ವಾಂಸರ ಮಗಳು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆಗ ಇಲ್ಲಿ ಎದ್ದ ಗದ್ದಲ ಎಲ್ಲರಿಗೂ ಗೊತ್ತು. ಆದರೆ ಎಷ್ಟೋ ವರ್ಷಗಳ ನಂತರ, 1907ರಲ್ಲಿ ಬರೆದ ತಮ್ಮ ಸಾಕ್ಷಿಯಲ್ಲಿ ಅವರು ಹೇಳುವುದು ಬೇರೆಯೇ: ದೀಕ್ಷಾಸ್ನಾನದ ದಿನ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ, ಅವನು ಸಿಕ್ಕಿದ್ದು ಸುಮಾರು ಎಂಟು ವರ್ಷ ಕಳೆದ ಮೇಲೆ ಎಂದು. ಪುಣೆಯಿಂದ ದೌಂಡ್ ಕಡೆಗೆ ಹೋಗುವ ರೈಲಿನಲ್ಲಿ ಕೇಡಗಾಂವ್ ಸ್ಟೇಶನ್ ಬರುತ್ತದೆ. ಅಲ್ಲಿಯೇ ಅವರು ಮುಕ್ತಿ ಮಿಶನ್ ಕಟ್ಟಿದ್ದು, ಅಲ್ಲಿಯೇ ಕೂತು ಹೀಬ್ರೂ, ಗ್ರೀಕ್ ಮೂಲದಿಂದ ಸತ್ಯವೇದವನ್ನು ಸರಳ ಮರಾಠಿಗೆ ತಂದದ್ದು. 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಕೆಲಸ ಮುಗಿಸಿದ್ದರು. ಅಷ್ಟು ಓದಿಕೊಂಡ, ಅಷ್ಟು ಕಳೆದುಕೊಂಡ ಹೆಂಗಸಿಗೇ ಒಂದು ದೀಕ್ಷಾಸ್ನಾನ ಸಾಲಲಿಲ್ಲ ಎಂದರೆ, ಕೂಸಾಗಿದ್ದಾಗ ತಲೆಯ ಮೇಲೆ ಬಿದ್ದ ನೀರು ನನ್ನನ್ನು ಎಲ್ಲಿಯತನಕ ಒಯ್ಯಬೇಕು?

ಯೇಸು ತನ್ನ ಹಿಂದೆ ಬರುವವರಿಗೆ ಶಿಲುಬೆ ಹೊತ್ತು ಬನ್ನಿ ಎಂದ ಮಾತು ಮತ್ತಾಯ, ಮಾರ್ಕ, ಲೂಕ ಮೂರೂ ಸುವಾರ್ತೆಗಳಲ್ಲಿದೆ. ‘ಪ್ರತಿದಿನ’ ಎಂಬ ಪದ ಇರುವುದು ಲೂಕನಲ್ಲಿ ಮಾತ್ರ, ಒಂಬತ್ತನೇ ಅಧ್ಯಾಯದಲ್ಲಿ. ಒಂದು ಸಲ ಹೊರುವುದಾದರೆ ಅದು ಸಾಹಸ; ಜನ ನೆನಪಿಡುತ್ತಾರೆ. ದಿನಾ ಹೊರುವುದೆಂದರೆ ಕಸ ಗುಡಿಸಿದ ಹಾಗೆ, ಯಾರೂ ನೋಡುವುದಿಲ್ಲ. ಮೋಶೆಯ ಕಾಲದ ಮನ್ನದ ಕತೆಯಲ್ಲೂ ಇದೇ ಲೆಕ್ಕ. ಅಡವಿಯಲ್ಲಿ ಬಿದ್ದ ಮನ್ನವನ್ನು ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕು. ನಾಳೆಗಿರಲಿ ಎಂದು ಉಳಿಸಿದರೆ ಹುಳ ಬಿದ್ದು ನಾರುತ್ತದೆ. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು. ಫ್ರಿಜ್ಜಿನಲ್ಲಿ ವಾರದ ಹಿಟ್ಟು ರುಬ್ಬಿಡುವ ನನಗೆ ಈ ದೇವರ ಪದ್ಧತಿ ಬಹಳ ಕಷ್ಟದ್ದು ಅನ್ನಿಸುತ್ತದೆ.

ಇದು ನನಗೆ ಪುಸ್ತಕದ ಮಾತಾಗಿ ಉಳಿಯದಿರಲು ಕಾರಣ ನಮ್ಮ ಮನೆಯ ಜಗಳ.

ಅಪ್ಪ ಮೃತ್ಯುಪತ್ರ ಬರೆಯದೆ ತೀರಿಕೊಂಡರು. ಇದ್ದದ್ದು ಒಂದು ಮನೆ, ಅವ್ವ ಮತ್ತು ನಾವಿಬ್ಬರು ಮಕ್ಕಳು. ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ ಪ್ರಕಾರ ಮೂರನೆಯ ಒಂದು ಪಾಲು ಹೆಂಡತಿಗೆ, ಉಳಿದದ್ದು ಮಕ್ಕಳಿಗೆ ಸಮವಾಗಿ. ಮಗ, ಮಗಳು ಎಂಬ ಭೇದ ಅದರಲ್ಲಿಲ್ಲ. ಅಣ್ಣ ಉತಾರದಲ್ಲಿ ತನ್ನ ಹೆಸರೊಂದನ್ನೇ ಹಚ್ಚಿಸಿಕೊಂಡ. ಕೇಳಿದರೆ, “ಮದಿವಿ ಮಾಡಿ ಕೊಟ್ಟಮ್ಯಾಲೆ ಮತ್ತೇನ್ ಪಾಲು? ಖರ್ಚು ಮಾಡೀವಲ್ಲ” ಅಂದ. ಅದಾಗಿ ಮೂರು ವರ್ಷವಾಯಿತು.

ಆಮೇಲೆ ಬೆಳಗಿನ ಪ್ರಾರ್ಥನೆ ಮೊದಲಿನಂತೆ ಇರಲಿಲ್ಲ. ಐದೂವರೆಗೆ ಎದ್ದು, ಡಬ್ಬಿ ಕಟ್ಟುವ ಮೊದಲು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಒಂದು ಅಧ್ಯಾಯ ಓದಿ ಕರ್ತನ ಪ್ರಾರ್ಥನೆ ಹೇಳುವುದು ನನ್ನ ರೂಢಿ. ಆ ಪ್ರಾರ್ಥನೆಯಲ್ಲಿ ಅನ್ನ ಕೇಳುವ ಮಾತಿನ ಬೆನ್ನಿಗೇ ಕ್ಷಮೆ ಕೇಳುವ ಮಾತು ಬರುತ್ತದೆ. ಅದೂ ಶರತ್ತಿನ ಮೇಲೆ. ನಾವು ಬೇರೆಯವರನ್ನು ಕ್ಷಮಿಸಿದ ಅಳತೆಯಲ್ಲೇ ನಮ್ಮನ್ನು ಕ್ಷಮಿಸು ಎಂದು ನಾವೇ ಕೇಳಿಕೊಳ್ಳುತ್ತೇವೆ. ಮತ್ತಾಯನ ಆರನೇ ಅಧ್ಯಾಯದಲ್ಲಿ ಪ್ರಾರ್ಥನೆ ಮುಗಿಸಿದ ಮೇಲೆ ಯೇಸು ಮತ್ತೆ ಬಿಡಿಸಿ ಹೇಳುವುದು ಈ ಒಂದು ಮಾತನ್ನು ಮಾತ್ರ. ಉಳಿದ ಯಾವುದಕ್ಕೂ ವಿವರಣೆ ಇಲ್ಲ. ಜನ ಎಲ್ಲಿ ಜಾರಿಕೊಳ್ಳುತ್ತಾರೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಗಂಡ ಲೆಕ್ಕದ ಮನುಷ್ಯ. ಪೇತ್ರನಿಗೆ ಯೇಸು ಹೇಳಿದ ಏಳೆಪ್ಪತ್ತು ಸಾರಿಯ ಮಾತು ಬಂದಾಗ, “ದಿನಕ್ಕ ಒಂದ್ಸಲ ಅಂದ್ರ 490 ದಿನ, ಒಂದ್ ವರ್ಷ ನಾಲ್ಕ್ ತಿಂಗಳಿಗೆ ನಿನ್ನ ಕೋಟಾ ಮುಗೀತದ” ಎಂದು ನಗಿಸಿದರು. ನಕ್ಕರೂ ಆ ಲೆಕ್ಕದಿಂದ ಒಂದು ದಾರಿ ಕಂಡಿತು. ಅಣ್ಣನನ್ನು ಒಮ್ಮೆಗೇ, ಪೂರ್ತಿಯಾಗಿ ಕ್ಷಮಿಸುವುದು ನನ್ನಿಂದಾಗದ ಕೆಲಸ. ಇವತ್ತೊಂದು ದಿನ ಅವನಿಗೆ ಕೆಟ್ಟದಾಗಲಿ ಎಂದು ಬಯಸದೆ ಇರುವುದು ಆಗುತ್ತದೆ. ಆದ್ದರಿಂದ ಆ ಮಾತು ಬಂದಲ್ಲಿ ನಿಲ್ಲಿಸಿ, ಅವನ ಹೆಸರು ಗಟ್ಟಿಯಾಗಿ ಹೇಳಿ, ಮುಂದೆ ಹೋಗುತ್ತೇನೆ. ಕೆಲವು ದಿನ ಹೆಸರು ಸಲೀಸಾಗಿ ಬರುತ್ತದೆ. ಕೆಲವು ದಿನ ಕುಕ್ಕರ್ ಮೂರು ಸೀಟಿ ಹೊಡೆದರೂ ಬಾಯಿಂದ ಹೊರಡುವುದಿಲ್ಲ.

ಬೆಳಿಗ್ಗೆ ಹೇಳಿದ್ದರ ಪರೀಕ್ಷೆ ರಾತ್ರಿ. ಅವ್ವನಿಗೆ ಕಿವಿ ಮಂದ, ತನ್ನದೆಂಬ ಫೋನಿಲ್ಲ. ಒಂಬತ್ತಕ್ಕೆ ನಾನು ಅಣ್ಣನ ನಂಬರಿಗೇ ಮಾಡಬೇಕು. ಅವನು “ಹಲೋ” ಅನ್ನುತ್ತಾನೆ, ನಾನು “ಅಣ್ಣಾ, ಅವ್ವಗ ಕೊಡು” ಅನ್ನುತ್ತೇನೆ. ಮೊದಲ ವರ್ಷ ಇಷ್ಟೇ. ಆಮೇಲೆ ಒಂದು ದಿನ ಅವನ ಸಕ್ಕರೆ ಕಾಯಿಲೆಯ ವಿಷಯ ಅವ್ವ ಹೇಳಿದಳು. ಮರುದಿನದಿಂದ “ಗುಳಿಗಿ ತಗೊಂಡೀಯೇನು?” ಎಂದು ಕೇಳತೊಡಗಿದೆ. ಪ್ರೀತಿ ಉಕ್ಕಿ ಕೇಳಿದ್ದಲ್ಲ, ಬೆಳಿಗ್ಗೆ ಹೆಸರು ಹೇಳಿದ್ದೆನಲ್ಲ ಎಂದು ಕೇಳಿದ್ದು. ಅವನು “ಹ್ಞೂಂ” ಅನ್ನುತ್ತಾನೆ. ಆ ಕಡೆಯಿಂದ ಅವ್ವ, “ಪ್ರಾರ್ಥನಿ ಆತೇನವ್ವಾ?” ಎಂದು ಕೂಗುತ್ತಾಳೆ. ಆಕೆಗೆ ಎಷ್ಟು ಗೊತ್ತೋ, ನಾನು ಕೇಳಿಲ್ಲ.

ಇಷ್ಟು ಓದಿದವರು, ಹಾಗಾದರೆ ಪಾಲು ಬಿಟ್ಟುಕೊಟ್ಟಳು ಎಂದುಕೊಳ್ಳಬಹುದು. ನಮ್ಮ ಸಭೆಯ ಹಿರಿಯರೊಬ್ಬರು ಹಾಗೇ ಬುದ್ಧಿ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಬಿಟ್ಟುಕೊಡು ಎನ್ನುವ ಮಾತನ್ನು ಹೆಣ್ಣುಮಕ್ಕಳಿಗೇ ಹೆಚ್ಚಾಗಿ ಹೇಳುತ್ತಾರೆ. ಅನ್ಯಾಯಗಾರ ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ನ್ಯಾಯ ಕೇಳಿದ ವಿಧವೆಯ ಕತೆಯನ್ನು ಹೇಳಿದವನೂ ಯೇಸುವೇ. ಬಿಡದೆ ಪ್ರಾರ್ಥಿಸುವುದಕ್ಕೆ ಅವಳನ್ನೇ ಮಾದರಿ ಮಾಡಿದ. ಅವ್ವನ ಪಾಲು ಅವ್ವನ ಹೆಸರಿನಲ್ಲಿ ಇರಬೇಕು, ನನ್ನದು ನನ್ನ ಹೆಸರಿನಲ್ಲಿ. ಇದನ್ನು ಕೇಳುವಾಗ ಅಣ್ಣನನ್ನು ವೈರಿಯೆಂದು ಕಾಣದಿರುವುದು ನನ್ನ ದಿನದ ಕೂಲಿ.

ಈ ತಿಂಗಳು ವಕೀಲರ ನೋಟೀಸಿಗೆ ಸಹಿ ಹಾಕಿದೆ. ಸಹಿ ಹಾಕಿದ ದಿನ ಬೆಳಿಗ್ಗೆಯೂ ಅವನ ಹೆಸರು ಹೇಳಿದ್ದೆ, ಸಲೀಸಾಗಿಯೇ ಬಂತು. ನೋಟೀಸು ಇನ್ನೆರಡು ದಿನದಲ್ಲಿ ಹುಬ್ಬಳ್ಳಿ ಮುಟ್ಟಬಹುದು. ಆಮೇಲೆ ಒಂಬತ್ತು ಗಂಟೆಗೆ ಅವನು ಫೋನ್ ಎತ್ತುತ್ತಾನೋ ಇಲ್ಲವೋ. ನಾನಂತೂ ಮಾಡುತ್ತೇನೆ, ಗುಳಿಗೆಯ ವಿಷಯ ಕೇಳುತ್ತೇನೆ.